ಆನ್ ಆಗದ ಹಳೇ ಫೋನು: ಕೈಬಿಡುವ ಮುನ್ನ

ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಫೋನನ್ನು ಹಳೇ ಫೋಟೊಗಳ ಆಸೆಗೆ ಹೊರತೆಗೆದವರು ಚಾರ್ಜಿಗೆ ಹಾಕಿ ಐದು ನಿಮಿಷ ಕಾಯುತ್ತಾರೆ. ಪರದೆ ಬೆಳಗದಿದ್ದರೆ ಸತ್ತೇಹೋಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಅದು ಅವಸರದ ತೀರ್ಮಾನ. ತುಂಬಿದಾಗ ಸುಮಾರು 4.2 ವೋಲ್ಟ್ ಇರುವ ಲಿಥಿಯಂ ಅಯಾನ್ ಬ್ಯಾಟರಿ ಬಳಸದೆ ಇಟ್ಟರೂ ಮೆಲ್ಲಗೆ ಇಳಿಯುತ್ತಲೇ ಇರುತ್ತದೆ. ತೀರಾ ಇಳಿದಾಗ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕವನ್ನೇ ಕಡಿದುಹಾಕುತ್ತದೆ. ಅಂಥ ಬ್ಯಾಟರಿಗೆ ಫೋನು ಮೊದಮೊದಲು ತೀರಾ ಸಣ್ಣ ಪ್ರಮಾಣದ ಕರೆಂಟನ್ನಷ್ಟೇ ಹರಿಸುವುದರಿಂದ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಅರ್ಧ ಗಂಟೆಯಾದರೂ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬಿಡಬೇಕು.

ಆದರೆ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಮೇಲೆದ್ದಿದ್ದರೆ ಚಾರ್ಜಿಗೆ ಹಾಕಲೇಬಾರದು. ಒತ್ತುವುದು, ಚುಚ್ಚುವುದು ಬೆಂಕಿಗೆ ದಾರಿ.

ಚಾರ್ಜರ್, ಕೇಬಲ್ ಬದಲಿಸಿ ನೋಡಬೇಕು. ಜೇಬಿನಲ್ಲಿ ಓಡಾಡಿದ ಫೋನಿನ ಚಾರ್ಜಿಂಗ್ ಪೋರ್ಟಿನಲ್ಲಿ ಬಟ್ಟೆಯ ನಾರು ಸೇರಿ ಗಟ್ಟಿಯಾಗಿರುತ್ತದೆ. ಟಾರ್ಚ್ ಹಿಡಿದು ಮರದ ಟೂತ್‌ಪಿಕ್ಕಿನಿಂದ ಹಗುರವಾಗಿ ಕೆದಕಿದರೆ ಹೊರಬರುತ್ತದೆ. ಪಿನ್ನು ಬೇಡ. ಆಮೇಲೆ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಜೊತೆಗೆ ವಾಲ್ಯೂಮ್ ಡೌನ್ ಕೂಡ ಒತ್ತಬೇಕು. ಐಫೋನ್ 8 ಮತ್ತು ಅದರ ನಂತರದವುಗಳಲ್ಲಿ ವಾಲ್ಯೂಮ್ ಅಪ್, ವಾಲ್ಯೂಮ್ ಡೌನ್ ಒಂದೊಂದು ಸಲ ಒತ್ತಿ ಬಿಟ್ಟು, ಲೋಗೊ ಬರುವವರೆಗೂ ಪಕ್ಕದ ಬಟನ್ ಹಿಡಿದಿರಬೇಕು.

ಕಂಪನಿಯ ಲೋಗೊ ಬಂದು ಅಲ್ಲೇ ಸುತ್ತುತ್ತಿದ್ದರೆ ಕಾಯಿಲೆ ಬೇರೆ. ಬಹಳ ಸಲ ಅದು ಸಾಫ್ಟ್‌ವೇರಿನದು, ಆದರೆ ಯಾವಾಗಲೂ ಅಲ್ಲ. 2015ರಲ್ಲಿ ಬಂದ ಎಲ್‌ಜಿ ಜಿ4 ಫೋನುಗಳು ಹೀಗೇ ಮತ್ತೆಮತ್ತೆ ರೀಸ್ಟಾರ್ಟ್ ಆಗತೊಡಗಿದಾಗ, ಬಿಡಿಭಾಗಗಳ ನಡುವಿನ ಸಂಪರ್ಕ ಸಡಿಲವಾಗಿರುವುದೇ ಕಾರಣವೆಂದು ಕಂಪನಿಯೇ 2016ರ ಜನವರಿಯಲ್ಲಿ ಒಪ್ಪಿಕೊಂಡಿತು. ಅಂಥ ಫೋನಿಗೆ ಎಷ್ಟು ಸಲ ಫ್ಯಾಕ್ಟರಿ ರೀಸೆಟ್ ಮಾಡಿದರೂ ಫಲವಿಲ್ಲ, ಡೇಟಾ ಅಳಿಸಿಹೋಗುವುದಷ್ಟೇ. ಫೋಟೊ ಬೇಕೆನ್ನುವವರು ರೀಸೆಟ್ಟನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ನುರಿತ ರಿಪೇರಿಯವರು ಆನ್ ಆಗದ ಫೋನಿನ ಬ್ಯಾಟರಿ ಬಿಚ್ಚಿ, ಬೋರ್ಡಿಗೆ ಡಿಸಿ ಪವರ್ ಸಪ್ಲೈ ಜೋಡಿಸಿ ಮೀಟರಿನತ್ತ ನೋಡುತ್ತಾರೆ. ಪವರ್ ಬಟನ್ ಒತ್ತುವ ಮುಂಚೆಯೇ ಕರೆಂಟ್ ಏರಿದರೆ ಬೋರ್ಡಿನಲ್ಲಿ ಶಾರ್ಟ್ ಇದೆ. ಒತ್ತಿದರೂ ಸೊನ್ನೆಯಲ್ಲೇ ನಿಂತರೆ ಬಟನ್ನಿನ ಮೇಲೋ ಪವರ್ ಐಸಿಯ ಮೇಲೋ ಅನುಮಾನ. ಏರುತ್ತ ಇಳಿಯುತ್ತ ಸಾಗಿದರೆ ಬಹುಶಃ ಫೋನು ಆನ್ ಆಗುತ್ತಿದೆ, ಹೋಗಿರುವುದು ಡಿಸ್‌ಪ್ಲೇ ಮಾತ್ರ. ಸಿಮ್ ಇದ್ದರೆ ಈ ಕೊನೆಯದನ್ನು ಮನೆಯಲ್ಲೇ ತಿಳಿಯಬಹುದು: ಇನ್ನೊಂದು ಫೋನಿನಿಂದ ಕರೆ ಮಾಡಿದಾಗ ಕಪ್ಪು ಪರದೆಯ ಫೋನು ರಿಂಗಾದರೆ ಸಾಕು.

ಅಂಗಡಿಗೆ ಕೊಡುವಾಗ ಡೇಟಾ ಬೇಕೆಂದು ಮೊದಲೇ ಹೇಳಬೇಕು, ಬೋರ್ಡ್ ಬದಲಿಸಲು ಒಪ್ಪಬಾರದು. ಈಗಿನ ಫೋನುಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಕೀಲಿ ಅದೇ ಫೋನಿನ ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಮೆಮೊರಿ ಚಿಪ್ಪನ್ನಷ್ಟೇ ಕಿತ್ತು ಬೇರೆ ಬೋರ್ಡಿಗೆ ಕೂರಿಸಿದರೆ ಒಂದು ಫೋಟೊವೂ ತೆರೆಯುವುದಿಲ್ಲ.