ಮುಳುಗಡೆ ತೊಲೆಯ ಪಟ್ಟಿ

ಮುಧೋಳಕ್ಕೆ ಹೊರಟೆ ಎಂದರೆ ಎದುರಿನವರು ರನ್ನನ ಹೆಸರು ಹೇಳುತ್ತಾರೆ, ಇಲ್ಲವೇ ಅಲ್ಲಿಯ ಬೇಟೆನಾಯಿಯ ಸುದ್ದಿ ತೆಗೆಯುತ್ತಾರೆ. ನಾನು ಹೋದದ್ದು ಒಂದು ಪಟ್ಟಿ ನೋಡಲು. ಊರಿನ ಬಡಿಗೇರ ಅಜ್ಜರೊಬ್ಬರು ಕೈಯಲ್ಲಿ ಹಿಡಿಯುವ ಕರೆಂಟಿನ ಕಟರ್‌ನಿಂದ ಎಂಟು ಅಡಿ ಪ್ಲೈವುಡ್ಡನ್ನು ಈ ತುದಿಯಿಂದ ಆ ತುದಿಯವರೆಗೆ ಕೂದಲೆಳೆಯಷ್ಟೂ ವಾಲದಂತೆ ಸೀಳುತ್ತಾರೆ, ಅದರ ಗುಟ್ಟೆಲ್ಲ ಅವರ ಹಳೆಯ ಪಟ್ಟಿಯಲ್ಲಿದೆ ಎಂದು ಜಮಖಂಡಿಯ ಗೆಳೆಯರು ಹೇಳಿದ್ದರು.

ಪಟ್ಟಿ ನೋಡಲು ಏನೂ ಚೆಂದವಿಲ್ಲ. ಕೆಳಗೆ ಒಂದು ಅಡಿ ಅಗಲದ ತೆಳುವಾದ ಪ್ಲೈ, ಅದರ ಮೇಲೆ ಉದ್ದಕ್ಕೂ ಅಂಟಿಸಿ ಸ್ಕ್ರೂ ಹೊಡೆದ ಎರಡು ಇಂಚಿನ ಸಾಗವಾನಿ ರೀಪು. ಆ ಸಾಗವಾನಿ ಬಂದದ್ದು ಬೀಳಗಿ ಕಡೆಯ ಒಂದು ಮನೆಯ ತೊಲೆಯಿಂದ. ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆಯಾದದ್ದು 1964ರಲ್ಲಿ. ನೀರು ನಿಲ್ಲತೊಡಗಿದ್ದು ಎಷ್ಟೋ ವರ್ಷಗಳ ಮೇಲೆ. ಹಿನ್ನೀರು ಬರುತ್ತದೆಂದು ಊರು ಬಿಟ್ಟವರು ಬಾಗಿಲು, ಕಂಬ, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ಪುನರ್ವಸತಿ ಕೇಂದ್ರದ ಆರ್‌ಸಿಸಿ ಮನೆಗೆ ತೊಲೆ ಯಾತಕ್ಕೆ? ಮಾರಿದರು. ಅಜ್ಜ ಒಂದನ್ನು ಕೊಂಡರು.

‘ಎಷ್ಟ್ ಬ್ಯಾಸಿಗಿ ಕಂಡೈತೋ ಈ ಕಟಗಿ. ಬಾಗೂದಿದ್ರ ಯಾವಾಗೋ ಬಾಗಿ ಮುಗಿಸೇತಿ. ಇನ್ನ ಬಾಗಂಗಿಲ್ಲ’ ಎನ್ನುತ್ತಾರೆ.

ರೀಪು ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ಅವರ ಪರೀಕ್ಷೆಗೆ ಸೀಸಕಡ್ಡಿ ಒಂದಿದ್ದರೆ ಸಾಕು. ಅಂಟಿಸುವ ಮೊದಲು ರೀಪನ್ನು ಹಲಗೆಯ ಮೇಲಿಟ್ಟು ಅಂಚಿಗುಂಟ ಗೆರೆ ಎಳೆಯಬೇಕು. ಆಮೇಲೆ ರೀಪನ್ನು ಪುಟ ತಿರುವಿದ ಹಾಗೆ ಮಗುಚಿ, ಅದೇ ಅಂಚಿನಿಂದ ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆಯಬೇಕು. ಎರಡು ಗೆರೆ ಒಂದೇ ಆದರೆ ಅಂಚು ನೆಟ್ಟಗಿದೆ. ನಡುವೆ ಸಂದು ಕಂಡಿತೋ, ರೀಪಿನ ಡೊಂಕು ಅದರ ಅರ್ಧದಷ್ಟು. ಆ ಅರ್ಧವನ್ನು ರಂದಾದಿಂದ ಕೀಸಿ, ಮತ್ತೆ ಗೆರೆ ಎಳೆದು, ಮತ್ತೆ ಕೀಸುತ್ತ ಹೋಗಬೇಕು.

ನಿಜವಾದ ಕರಾಮತ್ತು ಇದರ ಮುಂದಿನದು. ರೀಪು ಅಂಟಿಸಿದ ಮೇಲೆ ಕಟರ್‌ನ ತಳದ ತಗಡನ್ನು ರೀಪಿಗೆ ಒತ್ತಿ ಹಿಡಿದು ಮೊದಲ ಸಲ ಓಡಿಸಿದಾಗ, ಕೆಳಗಿನ ಪ್ಲೈನ ಹೆಚ್ಚುವರಿ ಭಾಗ ತಾನೇ ಕತ್ತರಿಸಿ ಬೀಳುತ್ತದೆ. ಉಳಿದ ಅಂಚು ಬ್ಲೇಡ್ ಹಾಯುವ ಜಾಗವನ್ನೇ ತೋರಿಸುತ್ತದೆ. ಮುಂದೆ ಅಳೆಯುವ, ಲೆಕ್ಕ ಹಾಕುವ ಗೋಜಿಲ್ಲ. ಬೇಕಾದ ತುಂಡಿನ ಮೇಲೆ ಪಟ್ಟಿ ಇಟ್ಟು, ಅಂಚನ್ನು ಗುರುತಿಗೆ ಹೊಂದಿಸಿ, ಎರಡೂ ತುದಿಗೆ ಕ್ಲಾಂಪ್ ಬಿಗಿದರಾಯಿತು. ಬ್ಲೇಡ್ ತಿನ್ನುವ ಎರಡೂವರೆ ಮಿಲಿಮೀಟರ್ ಅತ್ತ, ಬೇಡದ ಕಡೆಗೆ ಹೋಗುತ್ತದೆ. ಆದರೆ ಬೇರೆಯವರ ಮಶೀನಿಗೆ ಈ ಪಟ್ಟಿ ಬರುವುದಿಲ್ಲ. ತಳದ ತಗಡಿಗೂ ಬ್ಲೇಡಿಗೂ ನಡುವಿನ ಅಂತರ ಒಂದೊಂದು ಕಂಪನಿಯದು ಒಂದೊಂದು. ಬೀಗಕ್ಕೆ ಕೀಲಿ ಇದ್ದಂತೆ ಇದು ಆ ಒಂದೇ ಮಶೀನಿನದು.

‘ಮಶೀನ್ ತಾನಾಗೇ ನೆಟ್ಟಗ ಹೋಗೂದಿಲ್ರೀ, ಅದಕ ಕಣ್ಣಿಲ್ಲ. ಪಟ್ಟಿ ಕೈ ಹಿಡಿದು ಒಯ್ಯಬೇಕು.’

ಕೊಯ್ಯುವ ಕೆಲಸವನ್ನು ಅಜ್ಜ ಅವಸರವಿಲ್ಲದೆ ಮಾಡಿ ತೋರಿಸಿದರು. ಹಲಗೆಯ ಚೆಂದದ ಮುಖ ಕೆಳಗೆ, ಏಕೆಂದರೆ ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕಡಿಯುತ್ತದೆ, ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಬ್ಲೇಡ್ ಹಲಗೆಯ ದಪ್ಪಕ್ಕಿಂತ ಒಂದು ಹಲ್ಲಿನಷ್ಟು ಕೆಳಗಿಳಿದರೆ ಸಾಕು. ಗುಂಡಿ ಒತ್ತಿ, ಪೂರ್ತಿ ವೇಗ ಬಂದ ಮೇಲೆಯೇ ಕಟಗಿಗೆ ತಾಗಿಸಬೇಕು. ಹಲಗೆಯ ಅಡಿಗೆ ಅವರು ಜಾಲಿಯ ನಾಲ್ಕು ರೀಪು ಹಾಸುತ್ತಾರೆ, ಗೆರೆಯ ಈಚೆ ಎರಡು, ಆಚೆ ಎರಡು. ಎರಡೇ ದಿಮ್ಮಿಯ ಮೇಲಿಟ್ಟು ನಡುವೆ ಕೊಯ್ದರೆ ಅರ್ಧಕ್ಕೆ ಬಂದಾಗ ಹಲಗೆ ಜೋತು ಬ್ಲೇಡನ್ನು ಕಚ್ಚುತ್ತದೆ, ಮಶೀನು ಕೊಯ್ಯುವವನ ಕಡೆಗೇ ಒದೆಯುತ್ತದೆ.

ಈ ಭಾಗದ ಎಷ್ಟೋ ಅಂಗಡಿಗಳಲ್ಲಿ ಕಟಗಿ ಕೊಯ್ಯುವುದು ಫರಸಿ ಕೊಯ್ಯುವ ನಾಲ್ಕು ಇಂಚಿನ ಮಾರ್ಬಲ್ ಕಟರ್‌ನಿಂದ. ಅಗ್ಗ, ಹಗುರ, ಹಲ್ಲಿನ ಬ್ಲೇಡ್ ಹಾಕಿದರೆ ಮರವನ್ನೂ ಸೀಳುತ್ತದೆ. ಆದರೆ ಅದು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿನ ಆಜುಬಾಜು ತಿರುಗುತ್ತದೆ. ಮರದ ಏಳೂಕಾಲು ಇಂಚಿನ ಕಟರ್‌ನ ವೇಗ ಇದರ ಅರ್ಧ. ಮರದ ಕಟರ್‌ಗೆ ಕೆಳಗೆ ತಾನೇ ಮುಚ್ಚಿಕೊಳ್ಳುವ ಗಾರ್ಡ್ ಇರುತ್ತದೆ, ಇದಕ್ಕಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ, ಉಪಕರಣಕ್ಕೆಂದು 15,000 ರೂಪಾಯಿವರೆಗೆ ಸಿಗುತ್ತದೆ. ಆ ದುಡ್ಡಿನಲ್ಲಿ ಗಾರ್ಡ್ ಇರುವ ಕಟರ್ ಕೊಂಡು, ತರಬೇತಿಯ ಮೊದಲ ದಿನವೇ ಹುಡುಗರ ಕೈಯಲ್ಲಿ ಇಂಥದೊಂದು ಪಟ್ಟಿ ಮಾಡಿಸಿದರೆ ಎಷ್ಟೋ ಬೆರಳು ಉಳಿದಾವು.

ಮರದ ಕಟರ್‌ನ ಹುಟ್ಟು ಮುಧೋಳದವರಿಗೆ ಹೇಳಲೇಬೇಕಾದದ್ದು. ಅಮೆರಿಕದ ಲೂಸಿಯಾನದಲ್ಲಿ ಕೂಲಿಗಳು ಕಬ್ಬು ಕಡಿಯುವುದನ್ನು ಕಂಡ ಎಡ್ಮಂಡ್ ಮಿಶೆಲ್ ಎಂಬಾತ ಆ ಕತ್ತಿಗೆ ಮೋಟಾರು ಕೂಡಿಸಲು ಹೊರಟು, ಕೊನೆಗೆ ಕೈಯಲ್ಲಿ ಹಿಡಿಯುವ ಕರೆಂಟಿನ ಗರಗಸ ಮಾಡಿದ ಎನ್ನುತ್ತಾರೆ. 1924ರಲ್ಲಿ ಅವನೂ ಜೋಸೆಫ್ ಸಲಿವನ್ ಎಂಬವನೂ ಸೇರಿ ಕಂಪನಿ ಕಟ್ಟಿದರು. ಸ್ಕಿಲ್‌ಸಾ ಎಂದು ಹೆಸರಾದದ್ದು ಅದೇ. ಘಟಪ್ರಭೆಯ ದಂಡೆಗೆ ಮಾತ್ರ ಇಂದಿಗೂ ಕಬ್ಬು ಕಡಿಯುವ ಗ್ಯಾಂಗಿನವರು ಕೊಯ್ತಾ ಹಿಡಿದೇ ಬರುತ್ತಾರೆ. ಅಜ್ಜನಿಗೆ ಈ ಕಥೆ ಹೇಳಿದೆ. ‘ಹಂಗಾರ ಕಬ್ಬು ಬಿಟ್ಟು ನಮ್ಮ ಕೆಲಸಕ್ಯಾಕ ಕೈ ಹಾಕಿದಾ?’ ಎಂದು ನಕ್ಕರು.

ಅವರ ಕೆಲಸವೆಂದರೆ ಒಂದು ಕಾಲಕ್ಕೆ ಚಕ್ಕಡಿ, ಕುಂಟಿ, ಕೂರಿಗಿ. ಎರಿಭೂಮಿಯ ಜಾಲಿಮರ ಕಡಿದು ತಂದು, ಹುರಮಂಜಿನಲ್ಲಿ ಅದ್ದಿದ ದಾರವನ್ನು ದಿಮ್ಮಿಯ ಮೇಲೆ ಬಿಗಿಯಾಗಿ ಎಳೆದು ಹಿಡಿದು, ನಡುವೆ ಎತ್ತಿ ಬಿಟ್ಟರೆ ಕೆಂಪು ಗೆರೆ ಮೂಡುತ್ತಿತ್ತು. ಆ ಗೆರೆಗುಂಟ ಮೇಲೊಬ್ಬ, ಕೆಳಗೊಬ್ಬ ನಿಂತು ದೊಡ್ಡ ಗರಗಸ ಎಳೆಯುತ್ತಿದ್ದರು. ಘೋರ್ಪಡೆಯವರ ಸಂಸ್ಥಾನವಿದ್ದಾಗ ಅಜ್ಜನ ತಂದೆ ಅರಮನೆಯ ಬಾಗಿಲು ರಿಪೇರಿಗೂ ಹೋಗಿದ್ದರಂತೆ. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು. ಬಡಿಗೇರರ ಲೆಕ್ಕದಲ್ಲಿ ಬದಲಾದದ್ದೇನೂ ಇಲ್ಲ. ರೈತರು ವರ್ಷವಿಡೀ ಕೆಲಸ ಮಾಡಿಸಿಕೊಂಡು ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು: ಜೋಳ, ಕಡಲೆ, ಮೇವು. ಕಾರಹುಣ್ಣಿಮೆ ಸಮೀಪಿಸಿದರೆ ಅಂಗಡಿಯ ಮುಂದೆ ಕೂರಿಗಿಗಳ ಸಾಲು. ಟ್ರ್ಯಾಕ್ಟರು ಬಂತು, ಚಕ್ಕಡಿಗೆ ರಬ್ಬರು ಗಾಲಿ ಬಂತು, ಕಬ್ಬು ಹೇರಲು ಕಬ್ಬಿಣದ ಟ್ರೇಲರು ಬಂತು. ಈಗ ಟಿವಿ ಯೂನಿಟ್ಟು, ಅಡುಗೆಮನೆಯ ಕಪಾಟು. ಮಗ ಪುಣೆಯಲ್ಲಿ ಮಾಡ್ಯುಲರ್ ಕಿಚನ್ ಕೂಡಿಸುತ್ತಾನೆ. ಅಲ್ಲಿ ಹಲಗೆಗಳು ಕಾರ್ಖಾನೆಯಲ್ಲೇ ಕತ್ತರಿಸಿ, ಅಂಚು ಕಟ್ಟಿ, ನಂಬರು ಹಚ್ಚಿ ಬರುತ್ತವೆ. ಅವನ ಚೀಲದಲ್ಲಿ ಡ್ರಿಲ್ ಇದೆ, ಕಟರ್ ಇಲ್ಲ.

‘ಈ ಸಲ ಕೂರಿಗಿ ಬಂದಾವೇನ್ರೀ ಅಜ್ಜಾರ?’ ಎಂದು ಕೇಳಿದೆ.

‘ಒಂದ ಬಂದಿತ್ತು. ನಮ್ಮ ಹಳೇ ಆಯದ ಮನಿಯವರದು. ಮಾಡಿ ಕೊಟ್ಟೆ. ರೊಕ್ಕ ಅಲ್ಲೇ ನಿಂತು ಫೋನ್‌ನಾಗ ಹಾಕಿದ’ ಎಂದರು. ‘ಸೇರು ಜ್ವಾಳ ತಂದಿದ್ರ ಛಲೋ ಇತ್ತು.’