ಡ್ರಮ್ ಬ್ರೇಕಿನ ಕ್ರಮವೂ ಅದರ ದುರಸ್ತಿಯಲ್ಲಿ ವಹಿಸತಕ್ಕ ಎಚ್ಚರಿಕೆಯೂ

ಎತ್ತಿನ ಬಂಡಿಯು ಇಳಿಜಾರಿಗೆ ಬಂದಾಗ ಎತ್ತುಗಳೇ ಹಿಮ್ಮೆಟ್ಟಿ ನಿಂತು ಭಾರವನ್ನು ತಡೆಯುವುವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಈಗ ಭತ್ತದ ಚೀಲಗಳನ್ನು ಸಾಗಿಸುವ ಟ್ರೇಲರಿಗೆ ಅಂಥ ಜೀವವಿಲ್ಲ. ಟ್ರೇಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಹೊರೆಯೆಲ್ಲವೂ ಟ್ರ್ಯಾಕ್ಟರಿನ ಬ್ರೇಕಿನ ಮೇಲೆಯೇ ಬೀಳುತ್ತದೆ. ಈಚಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಎಣ್ಣೆಯಲ್ಲಿ ಮುಳುಗಿರುವ ಡಿಸ್ಕ್ ಬ್ರೇಕುಗಳುಂಟು. ಆದರೆ ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೂ, ಹೊಲಕ್ಕೆ ಹೋಗಿಬರುವ ಮೊಪೆಡ್ಡುಗಳಿಗೂ ಡ್ರಮ್ ಬ್ರೇಕೇ ಆಧಾರವು.

ಗಾಲಿಯೊಡನೆ ತಿರುಗುವ ಬೀಡಿನ ಬೋಗುಣಿಯೇ ಡ್ರಮ್ಮು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿದ್ದು, ಅವುಗಳ ಬೆನ್ನಿಗೆ ಲೈನರು ಹತ್ತಿಸಿರುತ್ತದೆ. ಪೆಡಲನ್ನು ತುಳಿದೊಡನೆ ಶೂಗಳು ಅಗಲಿಸಿ ಡ್ರಮ್ಮಿನ ಒಳಮೈಯನ್ನು ಒತ್ತುವುವು. ಬಿಟ್ಟೊಡನೆ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆಳೆಯುವುವು. ಇದರಲ್ಲಿ ಒಂದು ಸೊಗಸುಂಟು: ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ತನ್ನೆಡೆಗೆ ಎಳೆದುಕೊಳ್ಳುವುದರಿಂದ ಕಾಲಿನ ಒತ್ತಡಕ್ಕಿಂತ ಹೆಚ್ಚಿನ ಹಿಡಿತವುಂಟಾಗುತ್ತದೆ.

ಇದಕ್ಕೆ ಎರಡು ಶತ್ರುಗಳು, ಬಿಸಿಯೂ ಕೆಸರೂ. ದೀರ್ಘವಾದ ಇಳಿಜಾರಿನಲ್ಲಿ ಬ್ರೇಕನ್ನು ತುಳಿದೇ ಹೋದರೆ ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುವುದು, ಲೈನರಿನ ಹಿಡಿತವೂ ಕುಗ್ಗುವುದು. ಆದಕಾರಣ ಇಳಿಯುವ ಮೊದಲೇ ಕೆಳಗಿನ ಗೇರು ಹಾಕತಕ್ಕದ್ದು. ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ನಲ್ಲಿ ಜಾರಿಬಿಡುವ ಚಾಳಿಯನ್ನು ಭೂಮಾಲಿಕರು ಚಾಲಕರಿಗೆ ಬಿಡಿಸಲೇಬೇಕು. ಗದ್ದೆಯ ಕೆಸರುನೀರು ಡ್ರಮ್ಮಿಗೆ ಹೊಕ್ಕರೂ ಬ್ರೇಕು ಹಿಡಿಯದು. ರಸ್ತೆಗೆ ಬಂದು ನಿಧಾನವಾಗಿ ನಡೆಸುತ್ತ ನಾಲ್ಕಾರು ಸಲ ಮೆಲ್ಲಗೆ ತುಳಿದು ಒಣಗಿಸಿಕೊಳ್ಳಬೇಕು.

ಹೊಲದಲ್ಲಿ ತಿರುವಿಗೆ ಅನುಕೂಲವೆಂದು ಎಡಬಲದ ಬ್ರೇಕುಗಳಿಗೆ ಬೇರೆ ಬೇರೆ ಪೆಡಲುಗಳಿವೆ. ಅವನ್ನು ಕೂಡಿಸುವ ಕೊಂಡಿಯನ್ನು ಹಾಕದೆ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಒಂದನ್ನೇ ತುಳಿದರೆ, ಟ್ರ್ಯಾಕ್ಟರು ಆ ಬದಿಗೆ ತಿರುಗಿ ಮಗುಚಬಹುದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಬರುವವರು ಇದನ್ನು ಯೋಚಿಸತಕ್ಕದ್ದು.

ದುರಸ್ತಿಯನ್ನು ಎರೆಭೂಮಿಯಲ್ಲಿ ಮಾಡಕೂಡದು, ಜಾಕು ಹೂತುಹೋಗುವುದು. ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದುಮಾಡಿ, ನೆಲದ ಮೇಲಿರುವ ಗಾಲಿಗಳ ಹಿಂದುಮುಂದೆ ಅಡ್ಡಗಟ್ಟಿಗೆ ಕೊಟ್ಟ ನಂತರವೇ ಕೈಬ್ರೇಕು ಸಡಿಲಿಸಬೇಕು. ಎತ್ತಿದ ಭಾರವನ್ನು ಭದ್ರವಾದ ಸ್ಟ್ಯಾಂಡಿನ ಮೇಲಿಡಬೇಕು. ಜಾಕೊಂದನ್ನೇ ನಂಬಬಾರದು, ಇಟ್ಟಿಗೆಯನ್ನಂತೂ ಇಡಲೇಬಾರದು.

ಡ್ರಮ್ಮು ಬಿಚ್ಚಿದಾಗ ಕಾಣುವ ಕಪ್ಪು ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾಗಿ, ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶ ಸೇರಿದರೆ ಹಲವು ವರ್ಷಗಳ ಮೇಲೆ ಕ್ಯಾನ್ಸರ್ ಮೊದಲಾದ ರೋಗಗಳು ತಲೆದೋರುವುವು. ಒದ್ದೆಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಹಾಕುವುದು ಉತ್ತಮ. ಸ್ಪ್ರಿಂಗು ಸಿಡಿದರೆ ಕಣ್ಣು ಹೋದೀತು. ಕನ್ನಡಕ ಧರಿಸಿ ಅದಕ್ಕೆ ತಕ್ಕ ಹತ್ಯಾರದಿಂದಲೇ ಬಿಚ್ಚಬೇಕು.

ಎಣ್ಣೆ ಕುಡಿದ ಲೈನರು ತೊಳೆದರೆ ಸರಿಹೋಗದು. ಮೊದಲು ಸೋರುವ ಸೀಲನ್ನು ಬದಲಿಸಿ, ಆಮೇಲೆ ಲೈನರು ಹಾಕಬೇಕು. ರಿವೆಟ್ಟಿನ ತಲೆ ಡ್ರಮ್ಮಿಗೆ ತಾಗುವಷ್ಟು ಸವೆಯುವವರೆಗೆ ಕಾಯಬಾರದು. ಒಂದು ಬದಿಯದನ್ನು ಬದಲಿಸಿದರೆ ಇನ್ನೊಂದು ಬದಿಯದನ್ನೂ ಬದಲಿಸತಕ್ಕದ್ದು, ಇಲ್ಲವಾದರೆ ಎಳೆತವು ಸಮನಾಗದು. ಪೆಡಲುಗಳೆರಡೂ ಒಂದೇ ಮಟ್ಟದಲ್ಲಿ ಹಿಡಿಯುವಂತೆ ಹೊಂದಿಸಿ, ಟ್ರೇಲರನ್ನು ಕಳಚಿ, ಜನವಿಲ್ಲದ ಸಮವಾದ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸಬೇಕು. ಒಂದು ಬದಿಗೆ ಎಳೆದರೆ ಮರಳಿ ಹೊಂದಿಸಿದ ನಂತರವೇ ಚೀಲಗಳನ್ನು ಹೇರತಕ್ಕದ್ದು.