ಕುಸ್ತಿಯ ಅಭ್ಯಾಸವೂ ಕಿವಿಯ ರಕ್ಷಣೆಯೂ

ನಮ್ಮ ಶಾಲೆಯಲ್ಲಿ ಕಲಿತು ಈಗ ತಾಯಂದಿರಾಗಿರುವ ಸೋದರಿಯರಲ್ಲಿ ಕೆಲವರು ಈಚೆಗೆ ನಮ್ಮೊಡನೆ ಒಂದು ಸಂದೇಹವನ್ನು ಎತ್ತಿರುವರು. ಮಗಳು ಕುಸ್ತಿಯನ್ನೋ ಜೂಡೋವನ್ನೋ ಕಲಿಯಬೇಕೆನ್ನುತ್ತಾಳೆ. ಕಲಿಯಲೆಂದು ತಂದೆಯವರೂ ಒಪ್ಪಿರುವರು. ಆದರೆ ಗರಡಿಯ ಪೈಲ್ವಾನರ ಕಿವಿಗಳು ಮುದುಡಿ ಗಂಟುಗಂಟಾಗಿರುವುದನ್ನು ಕಂಡವರಿಗೆ, ನಮ್ಮ ಹುಡುಗಿಯ ಕಿವಿಯೂ ಹೀಗಾದೀತೇ ಎಂಬ ಭೀತಿ ಹುಟ್ಟುವುದು ಸಹಜವೇ. ಕಿವಿಗೆ ರಕ್ಷೆ ಕಟ್ಟಿಕೊಂಡು ಅಭ್ಯಾಸ ಮಾಡೆಂದು ತಾಯಿ ಹೇಳಿದರೆ, ಅದು ಅಂಜುಬುರುಕರ ಸಾಧನವೆಂದು ಜೊತೆಯವರು ನಗುವರಂತೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಯುಕ್ತವೆಂದು ನಮಗೆ ತೋರಿತು.

ಹೆಣ್ಣುಮಕ್ಕಳಿಗೆ ಕುಸ್ತಿಯೇತಕ್ಕೆ ಎಂಬ ಮಾತಿಗೆ ನಾವು ಇಲ್ಲಿ ಉತ್ತರ ಹೇಳಹೋಗುವುದಿಲ್ಲ. ಅದನ್ನು ಕೇಳುವ ಕಾಲ ಕಳೆದುಹೋಯಿತು. 1987ರಲ್ಲಿ ನಾರ್ವೆ ದೇಶದಲ್ಲಿ ಸ್ತ್ರೀಯರ ಪ್ರಥಮ ವಿಶ್ವಕುಸ್ತಿ ಪಂದ್ಯಗಳು ನಡೆದುವು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅವರ ಕುಸ್ತಿಗೆ ಸ್ಥಾನ ದೊರೆಯಿತು. 2016ರಲ್ಲಿ ರಿಯೊ ನಗರದಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಅವರು 58 ಕಿಲೊ ವರ್ಗದಲ್ಲಿ ಕಂಚಿನ ಪದಕವನ್ನು ಗಳಿಸಿ, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಕುಸ್ತಿಗಾರ್ತಿಯಾದರು.

ಇನ್ನು ಕಿವಿಯ ಸಂಗತಿ. ಓಲೆ ಇಡುವ ಮೃದುವಾದ ಹಾಲೆಯೊಂದನ್ನು ಬಿಟ್ಟರೆ, ಹೊರಗಿವಿಗೆ ಆಕಾರವನ್ನು ಕೊಡುವುದು ಮೃದ್ವಸ್ಥಿ, ಎಂದರೆ ಬಾಗಿದರೂ ಮುರಿಯದ ಎಳೆಯೆಲುಬಿನಂಥ ವಸ್ತು. ಇದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಎರಡು ಪಕ್ಕಗಳಲ್ಲಿಯೂ ಅಂಟಿಕೊಂಡಿರುವ ತೆಳುವಾದ ಪೊರೆಯೇ ಇದಕ್ಕೆ ಆಹಾರವನ್ನು ಒದಗಿಸುವುದು. ಎದುರಾಳಿಯ ತಲೆಗೆ ತಲೆಯೊತ್ತಿ ಉಜ್ಜುವಾಗಲೂ, ತೋಳಿನ ಬಿಗಿಹಿಡಿತದಿಂದ ತಲೆಯನ್ನು ಎಳೆದು ಬಿಡಿಸಿಕೊಳ್ಳುವಾಗಲೂ ಕಿವಿಯು ಮಡಿಚಿ ಸೆಳೆಯಲ್ಪಡುತ್ತದೆ. ಪೊರೆಯು ಮೃದ್ವಸ್ಥಿಯಿಂದ ಕಿತ್ತು ಬರುತ್ತದೆ. ಆ ಸಂದಿನಲ್ಲಿ ರಕ್ತವು ತುಂಬಿಕೊಳ್ಳುತ್ತದೆ. ಮುಟ್ಟಿದರೆ ಮೆತ್ತಗೆ, ಬಿಸಿಯಾಗಿ, ನೋವಿನಿಂದ ಕೂಡಿದ ಬಾವು ಕಾಣುವುದು. ರಕ್ತವನ್ನು ತೆಗೆಯದೆ ಹಾಗೆಯೇ ಬಿಟ್ಟರೆ ಆಹಾರ ತಪ್ಪಿದ ಮೃದ್ವಸ್ಥಿಯು ಸಾಯುವುದು. ಪೊರೆಯೋ ಸುಮ್ಮನಿರದೆ, ಅಂದಗೆಟ್ಟ ಹೊಸ ಮೃದ್ವಸ್ಥಿಯನ್ನೂ ನಾರಿನಂಥ ಮಾಂಸವನ್ನೂ ಅಲ್ಲಿ ಬೆಳೆಸುವುದು. ಹೀಗೆ ಕಿವಿಯ ಮಡಿಕೆಗಳೆಲ್ಲ ಮುಚ್ಚಿ ಗಂಟುಕಟ್ಟಿದುದನ್ನೇ ಆಂಗ್ಲರು ಹೂಕೋಸಿನ ಕಿವಿ ಎನ್ನುವರು. ಹೋಲಿಕೆ ಅಂದವಾದುದಲ್ಲ, ಆದರೆ ತಪ್ಪಲ್ಲ. ಒಮ್ಮೆ ಗಟ್ಟಿಯಾದ ಮೇಲೆ ಶಸ್ತ್ರಚಿಕಿತ್ಸೆಯಿಲ್ಲದೆ ಮೊದಲಿನ ಆಕಾರಕ್ಕೆ ಬರಲಾರದು. ಬಹುಮಟ್ಟಿಗೆ ಕೇಳುವ ಶಕ್ತಿಗೆ ಇದರಿಂದ ಕುಂದಿಲ್ಲವಾದರೂ, ವಿಕಾರವು ಅತಿಯಾಗಿ ಕಿವಿಯ ದ್ವಾರವೇ ಕಿರಿದಾದರೆ ಶ್ರವಣಕ್ಕೂ ತೊಂದರೆಯುಂಟು.

ಈ ಚಿಂತೆಯು ಇಂದಿನದಲ್ಲ. 1885ರಲ್ಲಿ ರೋಮ್ ನಗರದಲ್ಲಿ ನೆಲದಿಂದ ಅಗೆದು ತೆಗೆದ ಕುಳಿತ ಮುಷ್ಟಿಮಲ್ಲನ ಕಂಚಿನ ವಿಗ್ರಹದಲ್ಲಿ, ಊದಿಕೊಂಡ ಕಿವಿಗಳನ್ನು ಶಿಲ್ಪಿಯು ಮರೆಮಾಡದೆ ತೋರಿಸಿರುವನು. ಪ್ರಾಚೀನ ಗ್ರೀಕರು ಆಂಫೋಟಿಡೆಸ್ ಎಂಬ ಕಿವಿರಕ್ಷೆಯನ್ನು ಬಲ್ಲರು. ಈ ರಕ್ಷೆಯು ಮಲ್ಲರಿಗಿಂತಲೂ ಬಾಲಕರಿಗೇ ಹೆಚ್ಚು ಬೇಕು, ಏಕೆಂದರೆ ಕೆಟ್ಟ ಮಾತುಗಳು ಅವರ ನಡತೆಯನ್ನೇ ವಿಕಾರಗೊಳಿಸುವುವೆಂದು ತತ್ತ್ವಜ್ಞಾನಿಯಾದ ಕ್ಸೆನೊಕ್ರಟೀಸನು ಹೇಳಿದನೆಂದು ಪ್ಲೂಟಾರ್ಕನು ಬರೆದಿರುವನು. ಶಾಲೆಯವರಾದ ನಮಗೆ ಈ ಮಾತು ಹಿಡಿಸುತ್ತದೆ. ಆದರೆ ಕುಸ್ತಿಯಾಡುವ ಮಕ್ಕಳಿಗೆ ಎರಡು ಬಗೆಯ ರಕ್ಷೆಯೂ ಬೇಕಲ್ಲವೆ?

ಈಗಿನ ಕಿವಿರಕ್ಷೆಯು ಎರಡು ಮೆತ್ತನೆಯ ಬಟ್ಟಲುಗಳನ್ನು ಪಟ್ಟಿಗಳಿಂದ ತಲೆಗೂ ಗದ್ದಕ್ಕೂ ಬಿಗಿದ ಸಾಧನ. ಅಮೆರಿಕದ ಹೈಸ್ಕೂಲು ಕುಸ್ತಿಯಲ್ಲಿ ಇದನ್ನು ಧರಿಸಲೇಬೇಕೆಂಬ ನಿಯಮವುಂಟು. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಕಡ್ಡಾಯವಿಲ್ಲ. ಲೋಹವಾಗಲಿ ಗಟ್ಟಿ ಚಿಪ್ಪಾಗಲಿ ಇಲ್ಲದ ಅಂಗೀಕೃತ ರಕ್ಷೆಯಾದರೆ ಧರಿಸಬಹುದು. ಅಮೆರಿಕದ ಕಾಲೇಜು ಕುಸ್ತಿಗಾರರನ್ನು ವಿಚಾರಿಸಿ 1989ರಲ್ಲಿ ಪ್ರಕಟಿಸಿದ ವೈದ್ಯರ ಲೇಖನವೊಂದರಲ್ಲಿ, ರಕ್ಷೆಯಿಲ್ಲದೆ ಆಡುವಾಗ ಕಿವಿಯಲ್ಲಿ ರಕ್ತ ತುಂಬಿತೆಂದವರು ನೂರಕ್ಕೆ 52 ಮಂದಿ, ರಕ್ಷೆ ಧರಿಸಿದ್ದಾಗಲೂ ತುಂಬಿತೆಂದವರು 26 ಮಂದಿ ಎಂದು ಕಂಡುಬಂದಿತು. ಅಪಾಯವು ಅರ್ಧಕ್ಕೆ ಇಳಿಯಿತು. ಇಲ್ಲವಾಗಲಿಲ್ಲ ಎಂಬುದನ್ನೂ ತಾಯಂದಿರು ಗಮನಿಸತಕ್ಕದ್ದು.

ಬೇಡವೆನ್ನುವವರ ಮಾತಿನಲ್ಲಿಯೂ ಸತ್ಯಾಂಶವಿದೆ. ಸೆಕೆಯಲ್ಲಿ ಬೆವರು ಸುರಿಯುವುದು. ಗುರುವಿನ ಮಾತು ಸರಿಯಾಗಿ ಕೇಳಿಸದು. ಸಡಿಲವಾದ ರಕ್ಷೆಯು ಜಾರಿ ಕಣ್ಣಿಗೆ ಅಡ್ಡ ಬರುವುದು, ಅಳತೆಗೆ ಸರಿಯಿಲ್ಲದುದು ತಾನೇ ಕಿವಿಯನ್ನು ಉಜ್ಜುವುದು. ಮತ್ತೊಂದು ಮಾತು: ಇದು ಕಿವಿಯನ್ನಷ್ಟೇ ಕಾಯುವುದು, ತಲೆಗೆ ಬೀಳುವ ಪೆಟ್ಟಿನಿಂದ ಮಿದುಳನ್ನು ಕಾಯಲಾರದು. ಆದರೆ ಮುರಿದ ಕಿವಿಯೇ ಮಲ್ಲನ ಪದಕವೆಂಬ ವಾದವನ್ನು ಮಾತ್ರ ನಾವು ಒಪ್ಪೆವು. ಅದು ಅಭ್ಯಾಸದ ವರ್ಷಗಳನ್ನು ತಿಳಿಸೀತೇ ಹೊರತು ಚಾತುರ್ಯವನ್ನಲ್ಲ. ಪಂದ್ಯವು ಕೆಲವು ನಿಮಿಷಗಳದು, ಅಭ್ಯಾಸವು ದಿನವೂ ಗಂಟೆಗಟ್ಟಲೆಯದು; ಕಿವಿ ಹೆಚ್ಚಾಗಿ ಸವೆಯುವುದು ಅಭ್ಯಾಸದಲ್ಲಿಯೇ. ಆದುದರಿಂದ ಪಂದ್ಯದ ದಿನ ಧರಿಸುವುದೋ ಬಿಡುವುದೋ ಹುಡುಗಿಯೂ ಗುರುವೂ ಕೂಡಿ ನಿಶ್ಚಯಿಸಲಿ. ಅಭ್ಯಾಸದಲ್ಲಿ, ಜೋಡಿಯೊಡನೆ ಹಿಡಿದಾಡುವ ಹೊತ್ತಿನಲ್ಲಿ, ಮೊದಲ ದಿನದಿಂದಲೇ ಧರಿಸಲಿ ಎಂಬುದು ನಮ್ಮ ಅಭಿಪ್ರಾಯ. ಎಳೆಯ ವಯಸ್ಸಿನಲ್ಲಿ ರೂಢಿಯಾದರೆ ಭಾರವೆನಿಸದು. ಈಗಾಗಲೇ ಬಾತಿರುವ ಕಿವಿಯ ಮೇಲೆ ರಕ್ಷೆ ಕಟ್ಟಿಕೊಂಡು ಆಟಕ್ಕೆ ಇಳಿಯುವುದು ಮಾತ್ರ ಸಲ್ಲದು.

ನಮ್ಮ ಹುಡುಗಿಯರಿಗೆ ವಿಶೇಷವಾಗಿ ಹೇಳಬೇಕಾದುದು ಓಲೆಯ ಮಾತು. ಓಲೆ, ಮೂಗುಬೊಟ್ಟುಗಳನ್ನು ಮನೆಯಲ್ಲಿಯೇ ತೆಗೆದಿಟ್ಟು ಬರತಕ್ಕದ್ದು. ರಕ್ಷೆಯ ಒಳಗೆ ಓಲೆಯಿದ್ದರೆ ಅದೇ ಚುಚ್ಚುವುದು. ಸಿಕ್ಕಿಕೊಂಡರೆ ಹಾಲೆಯೇ ಸೀಳೀತು. ಜಡೆಯ ಗಂಟನ್ನು ಪಟ್ಟಿಯ ದಾರಿಗೆ ಬಾರದಂತೆ ಕೆಳಗೆ ಕಟ್ಟಬೇಕು. ಕೊಳ್ಳುವಾಗ ಹುಡುಗಿಯನ್ನು ಜೊತೆಗೆ ಕರೆದೊಯ್ದು, ತಲೆಗೆ ಹಾಕಿಸಿ, ಬಗ್ಗಿ ತಲೆಯಾಡಿಸಲು ಹೇಳಿ ನೋಡಿರಿ. ಬೆವರಿನ ರಕ್ಷೆಯನ್ನು ದಿನವೂ ಒರಸಿ ಒಣಗಿಸದಿದ್ದರೆ ಚರ್ಮರೋಗಗಳಿಗೆ ಅದೇ ಮನೆಯಾಗುವುದು.

ಇಷ್ಟಾದರೂ ಕಿವಿ ಬಾತರೆ, ಆ ದಿನದ ಅಭ್ಯಾಸವನ್ನು ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮೆಲ್ಲಗೆ ಒತ್ತಿರಿ. ಆ ದಿನವೇ ಅಥವಾ ಮರುದಿನ ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರು ಶುದ್ಧವಾದ ಸಾಧನದಿಂದ ರಕ್ತವನ್ನು ತೆಗೆದು, ಪೊರೆಯು ಮತ್ತೆ ಅಂಟಿಕೊಳ್ಳುವಂತೆ ಎರಡು ಕಡೆಯಿಂದಲೂ ಒತ್ತಿ ಕಟ್ಟುವರು. ಒತ್ತುಕಟ್ಟು ಇಲ್ಲದಿದ್ದರೆ ರಕ್ತವು ಮರಳಿ ತುಂಬುವುದು. ವಾರ ಕಳೆದರೆ ಈ ಉಪಾಯವು ಅಷ್ಟಾಗಿ ಫಲಿಸದು. ಗರಡಿಯಲ್ಲಿ ಯಾರೋ ಸೂಜಿಯಿಂದ ಚುಚ್ಚಿ ತೆಗೆದುಕೊಡುವೆವೆಂದರೆ ಒಪ್ಪಕೂಡದು. ಕೀವು ಮೃದ್ವಸ್ಥಿಗೆ ಹತ್ತಿದರೆ ಇಡೀ ಕಿವಿಗೆ ಅಪಾಯ. ವೈದ್ಯರು ಅಪ್ಪಣೆ ಕೊಡುವವರೆಗೆ ಹುಡುಗಿಯು ಗರಡಿಗೆ ಹೋಗಿ ನೋಡುತ್ತ ಕುಳಿತುಕೊಳ್ಳಬಹುದು, ಕೈಹಿಡಿದಾಡಬಾರದು.